ವೆನಿಸ್ ಪ್ರವಾಸಕ್ಕೆ ದಿನಾಂಕ ಆರಿಸುವುದು ಹೇಗೆ?

ವೆನಿಸ್ ನೋಡಲು ಒಳ್ಳೆಯ ಕಾಲ ಯಾವುದು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಬಿಸಿಲು ಮಳೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಈ ಉತ್ತರದಲ್ಲಿ ತಪ್ಪೇನಿಲ್ಲ. ಆದರೆ ಐವತ್ತು ಸಾವಿರಕ್ಕಿಂತ ಕಡಿಮೆ ಜನ ವಾಸಿಸುವ, ಕಾರು ಬಸ್ಸುಗಳು ಓಡಾಡದ, ಎದುರಿನಿಂದ ಒಬ್ಬರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾದಷ್ಟು ಕಿರಿದಾದ ಓಣಿಗಳಿರುವ ಈ ಹಳೆಯ ದ್ವೀಪನಗರದಲ್ಲಿ, ಪ್ರವಾಸಿಯ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ನಿರ್ಧರಿಸುವುದು ಜನಸಂದಣಿ ಮತ್ತು ಸಮುದ್ರದ ಉಬ್ಬರ. ಹವಾಮಾನದ ಸ್ಥಾನ ಅವೆರಡರ ನಂತರ. ಅದರಲ್ಲೂ ಉಬ್ಬರದ ಲೆಕ್ಕಾಚಾರ 2020ರಿಂದೀಚೆಗೆ ಬದಲಾಗಿದೆ. ಹಳೆಯ ಮಾರ್ಗದರ್ಶಿಗಳು ಪ್ರವಾಹಕ್ಕೆ ಹೆದರಿ ಬದಿಗಿಟ್ಟಿದ್ದ ನವೆಂಬರ್ ತಿಂಗಳನ್ನು ಈಗ ಹೊಸದಾಗಿ ಪರಿಶೀಲಿಸಬೇಕಾದ ಕಾರಣವೂ ಅದೇ.

ಮೊದಲು ಬೇಡದ ದಿನಗಳನ್ನು ತೆಗೆದುಹಾಕಿ

ಯಾವ ದಿನ ಹೋಗಬೇಕೆಂದು ಹುಡುಕುವುದಕ್ಕಿಂತ ಯಾವ ದಿನ ಹೋಗಬಾರದೆಂದು ಗುರುತು ಹಾಕುವುದು ಸುಲಭ. ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಈಸ್ಟರ್ ವಾರವನ್ನು ಮೊದಲು ಹೊಡೆದುಹಾಕಿ. ಅನಂತರ ಏಪ್ರಿಲ್ 25 (ಇಟಲಿಯ ವಿಮೋಚನಾ ದಿನ, ವೆನಿಸ್‌ಗೆ ಅದೇ ದಿನ ಅದರ ರಕ್ಷಕ ಸಂತ ಮಾರ್ಕನ ಹಬ್ಬವೂ ಹೌದು), ಮೇ 1 ಮತ್ತು ಗಣರಾಜ್ಯ ದಿನವಾದ ಜೂನ್ 2 ಇವುಗಳ ಆಸುಪಾಸಿನ ವಾರಾಂತ್ಯಗಳನ್ನು ತೆಗೆಯಿರಿ. ಆಗಸ್ಟ್ 15ರ ಸುತ್ತಮುತ್ತ ಇಟಲಿಗೆ ಇಟಲಿಯೇ ರಜೆಯಲ್ಲಿರುತ್ತದೆ. ಆಗ ಸ್ಥಳೀಯರು ಊರು ಬಿಟ್ಟಿರುತ್ತಾರೆ, ಅವರ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ, ಪ್ರವಾಸಿಗರು ಮಾತ್ರ ತುಂಬಿರುತ್ತಾರೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಎರಡನೆಯ ವಾರದೊಳಗಿನ ಅವಧಿಯಲ್ಲಿ ಲಿಡೊ ದ್ವೀಪದಲ್ಲಿ ಚಲನಚಿತ್ರೋತ್ಸವ ನಡೆಯುತ್ತದೆ. 1932ರಲ್ಲಿ ಆರಂಭವಾದ ಆ ಉತ್ಸವದ ದಿನಗಳಲ್ಲಿ ಹೋಟೆಲ್ ಕೋಣೆಗಳು ದುಬಾರಿಯಾಗಿರುತ್ತವೆ. ಸಿನಿಮಾ ನೋಡುವುದೇ ಉದ್ದೇಶವಲ್ಲದಿದ್ದರೆ ಆ ವಾರಗಳೂ ಬೇಡ.

ಕಾರ್ನಿವಲ್ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಬೇಕು. ಮುಖವಾಡಗಳ ಈ ಹಬ್ಬ 1797ರಲ್ಲಿ ವೆನಿಸ್ ಗಣರಾಜ್ಯ ಪತನವಾದ ಮೇಲೆ ಕಳೆಗುಂದಿ, 1979ರಲ್ಲಿ ಮತ್ತೆ ಚಾಲನೆ ಪಡೆಯಿತು. ಇದು ಮುಗಿಯುವುದು ಈಸ್ಟರ್ ಭಾನುವಾರಕ್ಕೆ 47 ದಿನ ಮುಂಚಿನ ಮಂಗಳವಾರ. ಈಸ್ಟರ್ ಪ್ರತಿವರ್ಷ ಹಿಂದೆ ಮುಂದೆ ಸರಿಯುವುದರಿಂದ ಕಾರ್ನಿವಲ್ ಕೂಡ ಸರಿಯುತ್ತದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬೀಳುವುದರಿಂದ ಕಾರ್ನಿವಲ್‌ನ ಕೊನೆಯ ದಿನ ಫೆಬ್ರವರಿ 9. ವೇಷಭೂಷಣಗಳನ್ನು ನೋಡಬೇಕೆಂಬ ಆಸೆಯಿದ್ದವರು ಕೊನೆಯ ವಾರಾಂತ್ಯವನ್ನು ಬಿಟ್ಟು, ಅದಕ್ಕೂ ಮೊದಲಿನ ಮಂಗಳವಾರ, ಬುಧವಾರಗಳಂದು ಹೋಗಿ ಬೆಳಗ್ಗೆ ಬೇಗನೆ ಸಂತ ಮಾರ್ಕನ ಚೌಕದಲ್ಲಿರಬೇಕು.

ಯಾವ ದಿನ ಜನ ಹೆಚ್ಚು ಎಂಬುದನ್ನು ತಿಳಿಯಲು ಒಂದು ನಂಬಿಕೆಯ ಸಾಧನ ಈಗ ಉಚಿತವಾಗಿಯೇ ಸಿಗುತ್ತದೆ. ರಾತ್ರಿ ತಂಗದೆ ಹಗಲು ಮಾತ್ರ ಬಂದು ಹೋಗುವ ಪ್ರವಾಸಿಗರಿಗೆ ವೆನಿಸ್ ನಗರಾಡಳಿತ 2024ರ ಏಪ್ರಿಲ್ 25ರಿಂದ ಪ್ರವೇಶ ಶುಲ್ಕ ವಿಧಿಸಲು ಆರಂಭಿಸಿತು. ಮೊದಲ ವರ್ಷ 29 ದಿನ, 2025ರಲ್ಲಿ 54 ದಿನ ಈ ಶುಲ್ಕ ಜಾರಿಯಲ್ಲಿತ್ತು. 2025ರಲ್ಲಿ ಮುಂಚಿತವಾಗಿ ಕಟ್ಟಿದವರಿಗೆ 5 ಯೂರೊ, ಕೊನೆಯ ಗಳಿಗೆಯಲ್ಲಿ ಕಟ್ಟಿದವರಿಗೆ 10 ಯೂರೊ. ಶುಲ್ಕದ ದಿನಗಳ ಪಟ್ಟಿಯನ್ನು ನಗರಾಡಳಿತ ಮೊದಲೇ ಪ್ರಕಟಿಸುತ್ತದೆ, ಮತ್ತು ಆ ಪಟ್ಟಿಯಲ್ಲಿ ಇರುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜುಲೈವರೆಗಿನ ಶುಕ್ರವಾರ, ಶನಿವಾರ, ಭಾನುವಾರಗಳು ಹಾಗೂ ಹಬ್ಬದ ರಜೆಗಳು. ತನ್ನ ಓಣಿಗಳು ಯಾವ ದಿನ ಕಟ್ಟಿಕೊಳ್ಳುತ್ತವೆ ಎಂಬುದು ಆ ಊರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ಪಟ್ಟಿಯನ್ನು ಶುಲ್ಕ ಎಷ್ಟೆಂದು ನೋಡುವುದಕ್ಕಿಂತ ಜನಸಂದಣಿಯ ಮುನ್ಸೂಚನೆ ಎಂದು ಓದುವುದು ಹೆಚ್ಚು ಉಪಯುಕ್ತ. ನಗರದೊಳಗಿನ ಹೋಟೆಲಿನಲ್ಲಿ ತಂಗುವವರಿಗೆ ಶುಲ್ಕ ಇಲ್ಲ, ಆದರೆ ಆ ವಿನಾಯಿತಿಯನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಂಡಿರಬೇಕು.

ಅನಂತರ ನೀರಿನ ಲೆಕ್ಕ

ವೆನಿಸ್ ನಿಂತಿರುವುದು ಏಡ್ರಿಯಾಟಿಕ್ ಸಮುದ್ರದ ಉತ್ತರದ ತುದಿಯಲ್ಲಿರುವ ಒಂದು ವಿಶಾಲವಾದ ಹಿನ್ನೀರಿನ ನಡುವೆ. ಲಿಡೊ, ಮಲಮೊಕ್ಕೊ, ಕಿಯೊಜ್ಜಾ ಎಂಬ ಮೂರು ಅಳಿವೆಗಳ ಮೂಲಕ ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಒಳಗೆ ಬಂದು ಹೊರಗೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಎಂಬುದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅದರ ಜೊತೆಗೆ ವಾಯುಭಾರ ಕುಸಿದು, ಆಗ್ನೇಯದಿಂದ ಬೀಸುವ ಸಿರೊಕ್ಕೊ ಗಾಳಿ ಉದ್ದಕ್ಕೆ ಚಾಚಿದ ಏಡ್ರಿಯಾಟಿಕ್‌ನ ನೀರನ್ನೆಲ್ಲ ಉತ್ತರಕ್ಕೆ ತಳ್ಳಿದರೆ ಆ ನೀರಿಗೆ ಹೋಗಲು ಬೇರೆ ಜಾಗವಿಲ್ಲದೆ ಊರೊಳಗೆ ಏರುತ್ತದೆ. ಈ ಮೂರೂ ಕೂಡಿಬರುವ ಸಂದರ್ಭ ಅಕ್ಟೋಬರ್‌ನಿಂದ ಜನವರಿವರೆಗೆ ಹೆಚ್ಚು, ನವೆಂಬರ್‌ನಲ್ಲಿ ಇನ್ನೂ ಹೆಚ್ಚು. 1966ರ ನವೆಂಬರ್ 4ರಂದು ನೀರು 194 ಸೆಂ.ಮೀ. ಮಟ್ಟಕ್ಕೂ, 2019ರ ನವೆಂಬರ್ 12ರಂದು 187 ಸೆಂ.ಮೀ. ಮಟ್ಟಕ್ಕೂ ಏರಿ ನಗರವನ್ನು ಮುಳುಗಿಸಿತ್ತು (ಇವು ಉಬ್ಬರಮಾಪಕದ ಅಳತೆಗಳು, ಬೀದಿಯಲ್ಲಿ ನಿಂತ ನೀರಿನ ಆಳವಲ್ಲ).

ಈ ಭಯವನ್ನು ಬಹುಮಟ್ಟಿಗೆ ಕಡಿಮೆ ಮಾಡಿದ್ದು ಮೋಸೆ ಎಂಬ ತಡೆಗೋಡೆ ವ್ಯವಸ್ಥೆ. ಮೂರು ಅಳಿವೆಗಳ ತಳದಲ್ಲಿ ಒಟ್ಟು 78 ಉಕ್ಕಿನ ಕದಗಳು ನೀರು ತುಂಬಿಕೊಂಡು ಮಲಗಿರುತ್ತವೆ. ದೊಡ್ಡ ಉಬ್ಬರದ ಮುನ್ಸೂಚನೆ ಬಂದಾಗ ಅವುಗಳೊಳಗೆ ಗಾಳಿ ತುಂಬಿ ನೀರನ್ನು ಹೊರಹಾಕಲಾಗುತ್ತದೆ, ಆಗ ಕದಗಳು ಮೇಲೆದ್ದು ಸಮುದ್ರವನ್ನು ತಡೆಯುತ್ತವೆ. 2020ರ ಅಕ್ಟೋಬರ್ 3ರಂದು ನಿಜವಾದ ಉಬ್ಬರದೆದುರು ಇವು ಮೊದಲ ಬಾರಿಗೆ ಕೆಲಸ ಮಾಡಿದವು. ಅದೇ ವರ್ಷ ಡಿಸೆಂಬರ್ 8ರಂದು ಮುನ್ಸೂಚನೆ ಕಡಿಮೆಯಿದ್ದುದರಿಂದ ಕದ ಎತ್ತಲಿಲ್ಲ, ನೀರು 138 ಸೆಂ.ಮೀ.ಗೆ ಏರಿತು. ಆದರೆ 2022ರ ನವೆಂಬರ್ 22ರಂದು ಹೊರಗಿನ ಸಮುದ್ರ 170 ಸೆಂ.ಮೀ. ದಾಟಿದ್ದರೂ ನಗರ ಮುಳುಗಲಿಲ್ಲ. ತಡೆಗೋಡೆ ಇಲ್ಲದಿದ್ದರೆ ಅದು ಊರಿನ ಇತಿಹಾಸದ ದೊಡ್ಡ ಪ್ರವಾಹಗಳ ಸಾಲಿಗೆ ಸೇರುತ್ತಿತ್ತು.

ಹಾಗೆಂದು ಪಾದ ನೆನೆಯುವುದೇ ಇಲ್ಲ ಎಂದುಕೊಳ್ಳಬಾರದು. ಕದಗಳನ್ನು ಎತ್ತುವುದು ಸಾಮಾನ್ಯವಾಗಿ 110 ಸೆಂ.ಮೀ. ಮಟ್ಟದ ಮುನ್ಸೂಚನೆ ಇದ್ದಾಗ. ನಗರದ ಅತಿ ತಗ್ಗಿನ ಭಾಗಗಳಲ್ಲೊಂದಾದ ಸಂತ ಮಾರ್ಕನ ಚೌಕದಲ್ಲಿ 80 ಸೆಂ.ಮೀ. ದಾಟುತ್ತಿದ್ದಂತೆಯೇ ನೀರು ಕಾಣಿಸಿಕೊಳ್ಳುತ್ತದೆ. ಆಗ ಎತ್ತರದ ಹಲಗೆಗಳನ್ನು ಜೋಡಿಸಿ ನಡೆಯುವ ದಾರಿ ಮಾಡುತ್ತಾರೆ. ಕೆಲವು ಗಂಟೆಗಳಲ್ಲಿ ಇಳಿತ ಬಂದು ನೀರು ಹಿಂದೆ ಸರಿಯುತ್ತದೆ. ಈ ಕಾಲದಲ್ಲಿ ಹೋಗುವವರು ನಗರಸಭೆಯ ಉಬ್ಬರ ಮುನ್ಸೂಚನಾ ಕೇಂದ್ರದ ಮಾಹಿತಿಯನ್ನು ಪ್ರತಿದಿನ ನೋಡಿಕೊಂಡು, ನೀರು ಏರುವ ಹೊತ್ತಿನಲ್ಲಿ ಚೌಕದ ಬದಲು ಎತ್ತರದಲ್ಲಿರುವ ಬೇರೆ ಕಡೆಗೆ ಹೋಗುವಂತೆ ದಿನವನ್ನು ಹೊಂದಿಸಿಕೊಂಡರೆ ಸಾಕು.

ಜನವರಿ, ಫೆಬ್ರವರಿಗಳಲ್ಲಿ ಇದರ ವಿರುದ್ಧದ ತೊಂದರೆಯೂ ಉಂಟು. ವಾಯುಭಾರ ಹೆಚ್ಚಿ, ಇಳಿತವೂ ಜೋರಾದರೆ ಸಣ್ಣ ಕಾಲುವೆಗಳಲ್ಲಿ ದೋಣಿ ತೇಲುವಷ್ಟೂ ನೀರಿರುವುದಿಲ್ಲ. 2023ರ ಫೆಬ್ರವರಿಯಲ್ಲಿ ಹಾಗೆಯೇ ಆಯಿತು.

ಬಿಸಿಲು, ಚಳಿ, ಬೆಳಕು

ಜುಲೈನಲ್ಲಿ ಹಗಲಿನ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ ಎಂದಾಗ ನಮ್ಮವರು ಇದೇನು ಮಹಾ ಎನ್ನಬಹುದು. ಆದರೆ ಸುತ್ತ ನೀರಿರುವ ಊರಿನ ಆರ್ದ್ರತೆ ಮಂಗಳೂರಿನ ಸೆಕೆಯನ್ನು ನೆನಪಿಸುತ್ತದೆ, ಸೊಳ್ಳೆಗಳೂ ಇರುತ್ತವೆ, ಎಲ್ಲಿಗೆ ಹೋಗಬೇಕಿದ್ದರೂ ಸೇತುವೆಗಳ ಮೆಟ್ಟಿಲು ಹತ್ತಿ ಇಳಿಯಲೇಬೇಕು. ವಯಸ್ಸಾದವರನ್ನು ಕರೆದೊಯ್ಯುವವರು ಜುಲೈ, ಆಗಸ್ಟ್‌ಗಳನ್ನು ಬಿಡುವುದೇ ಒಳ್ಳೆಯದು. ಜನವರಿಯಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಮಂಜು ಕವಿಯುತ್ತದೆ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿದ್ದರೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ದಿನಕ್ಕೆ ಎಷ್ಟು ನೋಡಬೇಕೆಂದು ಯೋಜಿಸುವಾಗ ಇದನ್ನು ಮರೆಯಬಾರದು.

ಏನು ನೋಡಬೇಕೆಂಬ ಆಸೆಗೆ ತಕ್ಕಂತೆ

ಕಲೆಯಲ್ಲಿ ಆಸಕ್ತಿಯಿದ್ದವರು 1895ರಲ್ಲಿ ಆರಂಭವಾದ ಬಿಯೆನಾಲೆ ಪ್ರದರ್ಶನಕ್ಕೆ ತಕ್ಕಂತೆ ವರ್ಷವನ್ನೇ ಆರಿಸಿಕೊಳ್ಳಬೇಕಾಗುತ್ತದೆ: ಈಗಿನ ಕ್ರಮದಂತೆ ಸಮಸಂಖ್ಯೆಯ ವರ್ಷಗಳಲ್ಲಿ ಕಲೆ, ಬೆಸಸಂಖ್ಯೆಯ ವರ್ಷಗಳಲ್ಲಿ ವಾಸ್ತುಶಿಲ್ಪ. ಎರಡೂ ವಸಂತದಲ್ಲಿ ತೆರೆದು ನವೆಂಬರ್ ಕೊನೆಯ ಭಾಗದವರೆಗೆ ಇರುತ್ತವೆ. ಸೆಪ್ಟೆಂಬರ್ ಮೊದಲ ಭಾನುವಾರ ಮಹಾ ಕಾಲುವೆಯಲ್ಲಿ ಐತಿಹಾಸಿಕ ದೋಣಿ ಸ್ಪರ್ಧೆ ನಡೆಯುತ್ತದೆ.

ಪ್ಲೇಗ್‌ನಿಂದ ಪಾರಾದ ನೆನಪಿಗೆ ವೆನಿಸ್ ಆಚರಿಸುವ ಎರಡು ಹಬ್ಬಗಳು ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತವೆ. 1575ರಿಂದ 1577ರವರೆಗಿನ ಪ್ಲೇಗ್‌ನ ನೆನಪಿನ ರೆಡೆಂಟೋರೆ ಹಬ್ಬ ಜುಲೈ ಮೂರನೆಯ ವಾರಾಂತ್ಯದಲ್ಲಿ ಬರುತ್ತದೆ. ಶನಿವಾರ ರಾತ್ರಿಯ ಬಾಣಬಿರುಸುಗಳಿಗಾಗಿ ಅಂದು ಜನಸಾಗರವೇ ಸೇರುತ್ತದೆ. 1630–31ರ ಪ್ಲೇಗ್‌ನ ನೆನಪಿನ ಸಲ್ಯೂಟೆ ಹಬ್ಬ ನವೆಂಬರ್ 21ಕ್ಕೆ. ಅಂದು ಮಹಾ ಕಾಲುವೆಗೆ ತಾತ್ಕಾಲಿಕ ಸೇತುವೆ ಕಟ್ಟುತ್ತಾರೆ, ಊರಿನವರು ಮಕ್ಕಳು ಮರಿಗಳೊಂದಿಗೆ ಅದನ್ನು ದಾಟಿ ಸಂತ ಮೇರಿಯ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ಇದು ಪ್ರವಾಸಿಗರಿಗಾಗಿ ನಡೆಯುವ ಉತ್ಸವವಲ್ಲ. ಹರಕೆ ತೀರಿಸುವ ಆ ಜನರನ್ನು ಕಂಡಾಗ ವೆನಿಸ್ ಇನ್ನೂ ಜನ ಬಾಳುವ ಊರು ಎಂಬುದು ಮನದಟ್ಟಾಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನ ಅಡುಗೆ ಬಹುಪಾಲು ಮೀನಿನದು. ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಹೋದರೆ ಹತ್ತಿರದ ಸಾಂತ್ ಎರಾಸ್ಮೊ ದ್ವೀಪದಲ್ಲಿ ಬೆಳೆಯುವ ನೇರಳೆ ಬಣ್ಣದ ಎಳೆಯ ಆರ್ಟಿಚೋಕ್ ಮೊಗ್ಗುಗಳು ಸಿಗುತ್ತವೆ. ಚಳಿಗಾಲದಲ್ಲಿ ಟ್ರೆವಿಸೊ ಪ್ರದೇಶದ ಕೆಂಪು ರಾಡಿಕಿಯೊ ಸೊಪ್ಪು ಬರುತ್ತದೆ.

ನಮ್ಮ ರಜೆಗಳಿಗೆ ಹೊಂದಿಸುವುದು

ಶಾಲೆಗೆ ಹೋಗುವ ಮಕ್ಕಳಿರುವ ಕರ್ನಾಟಕದ ಕುಟುಂಬಗಳಿಗೆ ಇರುವುದು ಬೇಸಿಗೆ ರಜೆ ಇಲ್ಲವೇ ದಸರಾ ರಜೆ. ಬೇಸಿಗೆಯಾದರೆ ಮೇ ತಿಂಗಳ ಎರಡನೆಯ ಅಥವಾ ಮೂರನೆಯ ವಾರವನ್ನು ಆರಿಸಿ, ಸೋಮವಾರ ತಲುಪಿ ಗುರುವಾರ ಹೊರಡಿ. ಹವೆ ಹಿತವಾಗಿರುತ್ತದೆ, ವಾರಾಂತ್ಯದ ಗದ್ದಲವೂ ತಪ್ಪುತ್ತದೆ. ದಸರಾ ರಜೆಯಾದರೆ ಅಕ್ಟೋಬರ್‌ನ ವಾರದ ದಿನಗಳು ಚೆನ್ನ. ಎರಡರಲ್ಲೂ ಹಣ ಉಳಿಸಲೆಂದು ಸೇತುವೆಯಾಚೆ ಮುಖ್ಯ ಭೂಭಾಗದಲ್ಲಿರುವ ಮೆಸ್ತ್ರೆಯಲ್ಲಿ ತಂಗುವುದಕ್ಕಿಂತ, ಒಂದು ದಿನ ಕಡಿಮೆಯಾದರೂ ದ್ವೀಪದಲ್ಲೇ ತಂಗುವಂತೆ ನಾನು ಹೇಳುತ್ತೇನೆ. ಹಗಲಿನ ಪ್ರವಾಸಿಗರು ಸಂಜೆ ಹೊರಟ ಮೇಲೆ ಮತ್ತು ಬೆಳಗ್ಗೆ ಎಂಟರೊಳಗೆ ಓಣಿಗಳು ಖಾಲಿಯಿರುತ್ತವೆ, ಮೇ ತಿಂಗಳಲ್ಲಿ ಕೂಡ.

ರಜೆಯ ಕಟ್ಟುಪಾಡಿಲ್ಲದವರಿಗೆ ನನ್ನ ಆಯ್ಕೆ ನವೆಂಬರ್‌ನ ಎರಡನೆಯ ವಾರದಿಂದ 22ರವರೆಗಿನ ಅವಧಿ. ಬೇಸಿಗೆಯ ಜನಜಂಗುಳಿ ಕರಗಿರುತ್ತದೆ, ಕೋಣೆಗಳ ಬೆಲೆ ಇಳಿದಿರುತ್ತದೆ, ಬಿಯೆನಾಲೆಯ ಕೊನೆಯ ದಿನಗಳೂ ಸಲ್ಯೂಟೆ ಹಬ್ಬವೂ ಒಟ್ಟಿಗೆ ಸಿಗುತ್ತವೆ. ನೀರು ಒಳಗಿಳಿಯದ ಬೂಟು, ದಪ್ಪ ಕೋಟು ಬೇಕು. ಒಂದೆರಡು ದಿನ ಮಳೆಗೋ ಮಂಜಿಗೋ ಬಿಟ್ಟುಕೊಡಲು ಸಿದ್ಧರಿರಬೇಕು. ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು. ಹದಿನೈದು ದಿನಗಳಲ್ಲಿ ನಿರ್ಧಾರವಾಗುವುದು ವಾಡಿಕೆಯಾದರೂ ಕೆಲವೊಮ್ಮೆ 45 ದಿನಗಳವರೆಗೆ ಹೋಗುತ್ತದೆ. ಹಾಗಾಗಿ ನವೆಂಬರ್ ಪ್ರವಾಸಕ್ಕೆ ಆಗಸ್ಟ್ ಮುಗಿಯುವುದರೊಳಗೆ ಅರ್ಜಿ ಹಾಕಿ, ಕೋಣೆಯನ್ನು ರದ್ದು ಮಾಡಲು ಅವಕಾಶವಿರುವಂತೆ ಕಾಯ್ದಿರಿಸಿ.