ಬಿಸಿ ಪಂದಿಕರಿ ಪಾರ್ಸೆಲ್, ಪ್ಲಾಸ್ಟಿಕ್ ಇಲ್ಲದೆ

2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸೋಕೆ ಪ್ಲಾಸ್ಟಿಕ್ ಹಾಳೆ ಹಾಕಬಾರದು ಅಂತ ಸರ್ಕಾರ ಹೇಳಿತಲ್ಲ, ಆಗ ನನಗೆ ನಾಚಿಕೆಯಾಯಿತು. ಕೊಡಗಿನ ಗೋಣಿಕೊಪ್ಪದ ನನ್ನ ಪುಟ್ಟ ಹೋಟೆಲಿನಲ್ಲಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಬೇಯುತ್ತಿದ್ದದ್ದೂ ಅದೇ ಹಾಳೆಯ ಮೇಲೆ.

ಮೊದಲು ಹಳೇ ಪಂಚೆ ಬಟ್ಟೆಗೆ ಮರಳಿದೆ. ಪುಟ್ಟು ಅಂಟಿಕೊಂಡು ಸಿಪ್ಪೆ ಎದ್ದಿತು. ಎರಡು ದಿನ ಮನೆಯವರೇ ತಿಂದೆವು. ಈಗ ಅಂಟುವುದಿಲ್ಲ. ಬಟ್ಟೆ ಒದ್ದೆ ಮಾಡಿ ಹಿಂಡುವುದು ಎಲ್ಲರಿಗೂ ಗೊತ್ತು. ಆಮೇಲೆ ಏನು ಸವರುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಿಜವಾದ ತಲೆನೋವು ಪಂದಿಕರಿ, ನಮ್ಮ ಹಂದಿಮಾಂಸದ ಸಾರು. ಬಿಸಿ ಕೊಬ್ಬು, ಕಾಚಂಪುಳಿ ಅನ್ನೋ ಕಪ್ಪು ಹುಳಿ, ಎರಡೂ ಸೇರಿದರೆ ಪ್ಲಾಸ್ಟಿಕ್ ಡಬ್ಬಿಗೆ ಹಿಡಿದ ಕಲೆ ಎಷ್ಟು ಉಜ್ಜಿದರೂ ಹೋಗಲ್ಲ. ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ ಕೊಟ್ಟೆ. ಒಬ್ಬರ ಕಾರಿನ ಬಿಳಿ ಸೀಟಿಗೆ ಸೋರಿತು. 800 ರೂಪಾಯಿ ದಂಡ ಕೊಟ್ಟೆ. "ಅಣ್ಣಾ, ಸುಮ್ನೆ ಯಾಕೆ ಈ ಶೋಕಿ?" ಅಂದರು ಪಕ್ಕದ ಅಂಗಡಿಯವರು.

ಆಮೇಲೆ ಸ್ಟೀಲ್ ಡಬ್ಬಿ. ಒಂದಕ್ಕೆ 110 ರೂಪಾಯಿ ಹತ್ತಿರ, ಮೊದಲ ಸಲ 40 ತಂದೆ. ಮುಂಗಡ 50 ಇಟ್ಟೆ. ತಿಂಗಳಲ್ಲಿ 18 ಡಬ್ಬಿ ಮಾಯ! 50 ರೂಪಾಯಿಗೆ ಒಳ್ಳೇ ಡಬ್ಬಿ ಸಿಕ್ಕರೆ ಯಾರು ವಾಪಸ್ ತರುತ್ತಾರೆ? ಮುಂಗಡ 150 ಮಾಡಿದೆ. ತಂದರೆ ಡಬ್ಬಿ ನನಗೆ, ತರದಿದ್ದರೆ ಹೊಸದಕ್ಕೆ ದುಡ್ಡು ಬಂತು. ಅಲ್ಲಿಂದ ನಷ್ಟ ನಿಂತಿತು.

ಹೋಮ್‌ಸ್ಟೇಯವರದ್ದು ಮಾತ್ರ ಒಂದೇ ದೂರು, ಮೈಕ್ರೋವೇವಿಗೆ ಇಡೋಕಾಗಲ್ಲ ಅಂತ. ಅದಕ್ಕಂತ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಇಡದಿರುವುದೇ ಒಳ್ಳೇದು. ಮಕ್ಕಳ ಆಹಾರದ ಪ್ಲಾಸ್ಟಿಕ್ ಡಬ್ಬಿಗಳನ್ನು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಮೈಕ್ರೋವೇವಿನಲ್ಲಿ 3 ನಿಮಿಷ ಬಿಸಿ ಮಾಡಿ ನೋಡಿದ್ದರು. ಕೆಲವದರಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದಿಂದಲೇ 40 ಲಕ್ಷದಷ್ಟು ಸಣ್ಣ ಪ್ಲಾಸ್ಟಿಕ್ ಕಣ ಬಿಟ್ಟಿತ್ತು. ಅದಕ್ಕೂ ಚಿಕ್ಕವು 200 ಕೋಟಿ. ಒಲೆ ಮೇಲೆ ಇನ್ನೊಂದು ಪಾತ್ರೆಗೆ ಸುರಿದು ಕಾಯಿಸಿ ಅಂತ ಹೇಳಿ ಕಳಿಸುತ್ತೇನೆ.

ಕಾಫಿ ಕಪ್ಪಿನ ಕಥೆ ಬೇರೆ. ಪೇಪರ್ ಕಪ್ಪು ಅಲ್ವಾ, ಏನೂ ಆಗಲ್ಲ ಅನ್ನುತ್ತಿದ್ದರು ಗಿರಾಕಿಗಳು. ಒಂದು ಕಪ್ಪನ್ನು ಎರಡು ರಾತ್ರಿ ನೀರಲ್ಲಿ ನೆನೆಸಿಟ್ಟು ಕಾಗದ ಉಜ್ಜಿ ತೆಗೆದೆ. ಒಳಗಿನ ಪ್ಲಾಸ್ಟಿಕ್ ಪೊರೆ ಹಾವಿನ ಪೊರೆ ಥರ ಕೈಗೆ ಬಂತು. ಗಲ್ಲಾ ಪಕ್ಕ ನೇತುಹಾಕಿದೆ. ಇಂಥ ಕಪ್ಪಲ್ಲಿ 100 ಮಿಲಿ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಕಣ ಸೇರುತ್ತೆ ಅಂತ ಖರಗಪುರದ ಐಐಟಿಯವರು ಲೆಕ್ಕ ಹಾಕಿದ್ದಾರೆ. ಅದನ್ನು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಪೊರೆ ನೋಡಿದ ಮೇಲೆ ಲೋಟ ಕೇಳಿದರು.

ಹೋದ ಕೈಲ್ ಪೊಳ್ದು ಹಬ್ಬಕ್ಕೆ 150 ಪಾರ್ಸೆಲ್ ಹೋಯಿತು. ಪಂದಿಕರಿ ಸ್ಟೀಲ್ ಡಬ್ಬಿಯಲ್ಲಿ, ಪುಟ್ಟು ಬಾಳೆಲೆಯಲ್ಲಿ. ಶೋಕಿ ಅಂದವರೇ ಈಗ ಡಬ್ಬಿ ಎಲ್ಲಿ ತಂದಿರಿ ಅಂತ ಕೇಳುತ್ತಾರೆ. ಮಳೆಗಾಲದ ಕಕ್ಕಡ ತಿಂಗಳ ಗಾಳಿಗೆ ಬಾಳೆಲೆ ಚಿಂದಿಯಾಗುವುದೊಂದೇ ಬಾಕಿ ತೊಂದರೆ. ಈ ಸಲ ಅಡಿಕೆ ಹಾಳೆ ನೋಡಬೇಕು.