ಕೋಡ್ ಸಿಕ್ಕಿದರೆ ದಾರಿ ಸಿಕ್ಕಂತಲ್ಲ: ವಾಷಿಂಗ್ಟನ್ ಸುತ್ತ ಸಣ್ಣ ವಿಮಾನ ಹಾರಿಸುವುದು ಹೇಗೆ?

ತಂಗಿಯ ಮಗಳು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ಈಗ ಅಲ್ಲಿ ಚಳಿಗಾಲ. ಅವಳಿಗೆ ಬೆಳಗಿನ ಒಂಬತ್ತು ಗಂಟೆಯೆಂದರೆ ಗೋಣಿಕೊಪ್ಪದ ನಮ್ಮ ಮನೆಯಲ್ಲಿ ರಾತ್ರಿ ಏಳೂವರೆ. ಕಾಫಿ ಕುಯ್ಲಿನ ಕೆ.ಜಿ. ಲೆಕ್ಕ ಬರೆದು ಪುಸ್ತಕ ಮುಚ್ಚುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತದೆ.

ಮೊನ್ನೆ ಕೇಳಿದಳು: “ಮಾವ, ವಾಷಿಂಗ್ಟನ್ ಕಡೆ ಹೋಗೋದಕ್ಕೆ ಫ್ಲೈಟ್ ಪ್ಲಾನ್ ಫೈಲ್ ಮಾಡಿದ್ದೀನಿ. ಇನ್ನು ಹೊರಡಬಹುದಲ್ವಾ?”

“ಇಲ್ಲ” ಎಂದೆ. ಆ ಒಂದು ‘ಇಲ್ಲ’ವನ್ನು ಬಿಡಿಸಿ ಹೇಳಲು ಮುಕ್ಕಾಲು ಗಂಟೆ ಬೇಕಾಯಿತು. ತೋಟಕ್ಕೆ ಮರಳುವ ಮುಂಚೆ ನಾನೂ ಅದೇ ಆಕಾಶದಲ್ಲಿ ಕಲಿತವನು, ಅಲ್ಲೇ ಎಡವಿದವನು. ಕೊಡಗಿನಿಂದ ಪೈಲಟ್ ಆಗಲು ಹೊರಡುವ ಮಕ್ಕಳು ಈಗ ಹೆಚ್ಚಾಗಿದ್ದಾರೆ. ಅವರಲ್ಲಿ ಯಾರಾದರೂ ಆ ಕಡೆಯ ಶಾಲೆಗೆ ಸೇರಿದರೆ ಉಪಯೋಗಕ್ಕೆ ಬರಲಿ ಎಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ವೃತ್ತಗಳನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ

ವಾಷಿಂಗ್ಟನ್‌ನ ರೇಗನ್ ನ್ಯಾಷನಲ್ ವಿಮಾನ ನಿಲ್ದಾಣದಲ್ಲಿ ವಿಮಾನಗಳಿಗೆ ದಿಕ್ಕು, ದೂರ ತಿಳಿಸುವ ಒಂದು ರೇಡಿಯೊ ಕೇಂದ್ರವಿದೆ. ಎಲ್ಲ ಅಳತೆಯೂ ಅಲ್ಲಿಂದಲೇ. ಹೊರಗಿನ ವೃತ್ತದ ತ್ರಿಜ್ಯ 60 ನಾಟಿಕಲ್ ಮೈಲಿ, ಅಂದರೆ 111 ಕಿ.ಮೀ. ನಡುವಿನದು 30 ನಾಟಿಕಲ್ ಮೈಲಿ, ಸುಮಾರು 55 ಕಿ.ಮೀ. ಒಳಗಿನದು ಪೂರ್ತಿ ದುಂಡಗಿಲ್ಲ. ಅದರ ಅಂಚು 13ರಿಂದ 15 ಮೈಲಿ ದೂರದಲ್ಲಿ ಹಾದುಹೋಗುತ್ತದೆ.

ಅಂಕಿಗಿಂತ ಊರಿನ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ಕೈವಾರದ ಮೊನೆಯನ್ನು ಮಡಿಕೇರಿಯ ರಾಜಾಸೀಟಿನ ಮೇಲೆ ಊರಿ. ಒಳವೃತ್ತದ ಗೆರೆ ಹೆಚ್ಚುಕಡಿಮೆ ಕುಶಾಲನಗರ, ವಿರಾಜಪೇಟೆಗಳ ಹತ್ತಿರ ಸುಳಿಯುತ್ತದೆ. ನಡುವಿನ ವೃತ್ತದಲ್ಲಿ ಶ್ರೀಮಂಗಲ ಒಳಗೆ, ಕುಟ್ಟ ತುಸು ಆಚೆ. ಕಣ್ಣೂರು ವಿಮಾನ ನಿಲ್ದಾಣವೂ ಗೆರೆಯ ಅಂಚಿನಾಚೆಗೇ. ಹೊರವೃತ್ತ ಮೈಸೂರನ್ನು ಪೂರ್ತಿ ನುಂಗಿ ಮಂಗಳೂರಿನ ಬಜ್ಪೆಯ ತನಕ ಹೋಗುತ್ತದೆ. ಒಂದು ಊರಿನ ಕಾವಲಿಗೆ ಇಷ್ಟು ಆಕಾಶ!

ನಡುವಿನ ವೃತ್ತಕ್ಕೆ ‘ವಿಶೇಷ ವಿಮಾನಯಾನ ನಿಯಮ ಪ್ರದೇಶ’ ಎಂದು ಹೆಸರು. ಪೈಲಟ್‌ಗಳ ಬಾಯಲ್ಲಿ ಅದು ‘ಸಿಫ್ರಾ’. ನೆಲದಿಂದ 18,000 ಅಡಿಯ ತನಕ ಅದರ ಆಳ್ವಿಕೆ. ಒಳಗಿನದು ‘ಹಾರಾಟ ನಿರ್ಬಂಧಿತ ವಲಯ’, ಅಂದರೆ ‘ಫ್ರಿಜ್’. ನಾಗರಹೊಳೆಯ ಬಫರ್ ಮತ್ತು ಕೋರ್ ಇದ್ದಂತೆ ಎಂದುಕೊಳ್ಳಿ. ಬಫರಿನಲ್ಲಿ ನಿಯಮ ಪಾಲಿಸಿದರೆ ಓಡಾಡಬಹುದು. ಕೋರಿಗೆ ಕಾಲಿಡಲು ಬೇರೆಯೇ ಕಾಗದ ಬೇಕು.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಬಂದ ಬಿಗಿ ಇದು. 2003ರಲ್ಲಿ ತಾತ್ಕಾಲಿಕವೆಂದು ಹಾಕಿದ ವಲಯವನ್ನು 2009ರ ಫೆಬ್ರುವರಿಯಲ್ಲಿ ಕಾಯಂ ನಿಯಮ ಮಾಡಿದರು. ಸಣ್ಣ ವಿಮಾನದಿಂದ ಏನಾದೀತು ಎನ್ನುವವರಿಗೆ ಒಂದು ನೆನಪು: 1994ರಲ್ಲೇ ಎರಡು ಸೀಟಿನ ಸೆಸ್ನಾ ಒಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಬಿದ್ದಿತ್ತು.

ಹೆಜ್ಜೆ 1: ಮನೆಯಲ್ಲೇ ಮುಗಿಸುವ ಪಾಠ

ಅಮೆರಿಕದ ಪ್ರಜೆಯಲ್ಲದವರು ಅಲ್ಲಿ ಪೈಲಟ್ ತರಬೇತಿ ಶುರು ಮಾಡುವ ಮೊದಲೇ ಸಾರಿಗೆ ಭದ್ರತಾ ಆಡಳಿತ ಬೆರಳಚ್ಚು ಪಡೆದು ಹಿನ್ನೆಲೆ ನೋಡುತ್ತದೆ. ಅದನ್ನು ಶಾಲೆಯವರೇ ಹೇಳಿ ಮಾಡಿಸುತ್ತಾರೆ. ನೀವು ಮರೆಯಬಾರದ್ದು ಇನ್ನೊಂದು: 60 ಮೈಲಿ ವೃತ್ತದೊಳಗೆ, ಹೊರಗೆ ಕಣ್ಣಾರೆ ನೋಡುತ್ತ ಹಾರುವ ಕಣ್ಣಳತೆಯ ನಿಯಮದಲ್ಲಿ, ಅಂದರೆ ವಿ.ಎಫ್.ಆರ್.ನಲ್ಲಿ, ವಿಮಾನ ಹಾರಿಸುವ ಪ್ರತಿಯೊಬ್ಬ ಪೈಲಟ್ ‘ವಿಶೇಷ ಅರಿವು ತರಬೇತಿ’ ಮುಗಿಸಿರಬೇಕು. ಅಮೆರಿಕದ ವಿಮಾನಯಾನ ಆಡಳಿತದ ಸುರಕ್ಷತಾ ಜಾಲತಾಣದಲ್ಲಿ ಇದು ಪುಕ್ಕಟೆ. ಒಮ್ಮೆ ಮಾಡಿದರೆ ಸಾಕು, ಆದರೆ ಪ್ರಮಾಣಪತ್ರ ಕೇಳಿದಾಗ ತೋರಿಸಬೇಕು. ಅದನ್ನು ಮುದ್ರಿಸಿ ಲೈಸೆನ್ಸಿನ ಜತೆಗೇ ಇಟ್ಟುಕೊಳ್ಳಿ. ರಾಜಧಾನಿಯ ಒಳಗೆ ಹೋಗುವುದಿಲ್ಲ, ಪಕ್ಕದಲ್ಲಿ ಹಾದುಹೋಗುತ್ತೇನೆ ಎನ್ನುವವರಿಗೂ ವಿನಾಯಿತಿ ಇಲ್ಲ.

ಹೆಜ್ಜೆ 2: ಪ್ಲಾನ್ ಸಲ್ಲಿಸುವುದು

ವಿ.ಎಫ್.ಆರ್.ನಲ್ಲಿ 30 ಮೈಲಿ ವೃತ್ತ ಪ್ರವೇಶಿಸಲು, ಒಳಗಿನಿಂದ ಹೊರಬೀಳಲು ಅಥವಾ ಹಾದುಹೋಗಲು ಸಿಫ್ರಾ ಪ್ಲಾನ್ ಸಲ್ಲಿಸಬೇಕು. ಫೋನಿನಲ್ಲೂ ಆಗುತ್ತದೆ, ಅಂತರ್ಜಾಲದಲ್ಲೂ ಆಗುತ್ತದೆ. ನಕ್ಷೆಯಲ್ಲಿ ವೃತ್ತದ ಅಂಚಿಗೆ ಹೆಸರಿಟ್ಟ ಗೇಟುಗಳಿವೆ. ಯಾವ ಗೇಟಿನ ಕಡೆಯಿಂದ ಬರುತ್ತೀರಿ, ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಅದರಲ್ಲಿ ಹೇಳಬೇಕು. ನಡುವೆ ಇಳಿದು ಮತ್ತೆ ಹಾರುವುದಾದರೆ ಆ ಹಾರಾಟಕ್ಕೆ ಹೊಸ ಪ್ಲಾನ್.

ಇಲ್ಲಿಯೇ ನನ್ನ ಸೊಸೆ ಎಡವಿದ್ದು, ಹಿಂದೆ ನಾನೂ ಎಡವಿದ್ದು. ‘ಫ್ಲೈಟ್ ಪ್ಲಾನ್’ ಎಂಬ ಒಂದೇ ಹೆಸರು ಕೇಳಿ ಮೂರು ಬೇರೆ ಬೇರೆ ಚೀಟಿಗಳನ್ನು ಒಂದೇ ಎಂದು ತಿಳಿಯುತ್ತೇವೆ.

ಮೊದಲನೆಯದು ಭದ್ರತೆಯ ಚೀಟಿ. ಸಿಫ್ರಾ ಪ್ಲಾನ್ ಮತ್ತು ಅದರ ಮೇಲೆ ಸಿಗುವ ನಾಲ್ಕಂಕಿಯ ಗುರುತಿನ ಕೋಡ್ ಎರಡೂ ಸೇರಿ ‘ಈ ವಿಮಾನ ಯಾರದ್ದೆಂದು ನಮಗೆ ಗೊತ್ತು’ ಎನ್ನುತ್ತವೆ. ಅಷ್ಟೇ. ಎರಡನೆಯದು ವಿಮಾನ ಸಂಚಾರದ ಚೀಟಿ. ವಾಷಿಂಗ್ಟನ್, ಡಲಸ್, ಬಾಲ್ಟಿಮೋರ್ ಎಂಬ ಮೂರು ದೊಡ್ಡ ನಿಲ್ದಾಣಗಳ ಜೆಟ್‌ಗಳು ಇಳಿಯುವ, ಏರುವ ಆಕಾಶಕ್ಕೆ ‘ಕ್ಲಾಸ್ ಬಿ’ ಎನ್ನುತ್ತಾರೆ. ತಲೆಕೆಳಗಾದ ಮದುವೆ ಕೇಕಿನಂತೆ ಮೇಲೆ ಹೋದಷ್ಟೂ ಅಗಲವಾಗುವ ಆಕಾರ. ಅದರ ಬಹುಭಾಗ ಸಿಫ್ರಾದೊಳಗೇ ಇದ್ದರೂ ಅದಕ್ಕೆ ನೆಲದಲ್ಲಿ ಕೂತ ವಿಮಾನ ಸಂಚಾರ ನಿಯಂತ್ರಕರು ನಿಮ್ಮ ವಿಮಾನದ ಹೆಸರು ಹಿಡಿದು ಬೇರೆಯಾಗಿ ಅನುಮತಿ ಹೇಳಬೇಕು. ಮೂರನೆಯದು ಹುಡುಕಾಟದ ಚೀಟಿ, ಅಂದರೆ ಮಾಮೂಲಿ ವಿ.ಎಫ್.ಆರ್. ಪ್ಲಾನ್. ನೀವು ಹೊತ್ತಿಗೆ ತಲುಪದಿದ್ದರೆ ಹುಡುಕಲು ಹೊರಡುವುದು ಇದನ್ನು ನೋಡಿಯೇ. ಸಿಫ್ರಾ ಪ್ಲಾನ್ ಇದೆಯೆಂದು ಯಾರೂ ನಿಮ್ಮನ್ನು ಹುಡುಕುವುದಿಲ್ಲ.

ನಮ್ಮಲ್ಲಿ ಮರ ಕಡಿಯಲು ಒಂದು ಪರವಾನಗಿ, ಸಾಗಿಸಲು ಇನ್ನೊಂದು. ಎರಡೂ ಒಂದೇ ಮರದ್ದೇ. ಆದರೆ ಕಡಿದ ಕಾಗದ ಹಿಡಿದು ಲಾರಿಗೆ ಹೇರಿದವನ ಗತಿ ಏನಾಗುತ್ತದೆಂದು ತೋಟದವರಿಗೆ ಹೇಳಬೇಕಿಲ್ಲ.

ಹೆಜ್ಜೆ 3: ಕೋಡ್ ಮತ್ತು ಮಾತು

ವಿಮಾನದಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ಇರುತ್ತದೆ. ರೇಡಾರಿಗೆ ಅದು ನಾಲ್ಕಂಕಿಯ ಕೋಡನ್ನೂ ಎತ್ತರವನ್ನೂ ತಿಳಿಸುತ್ತದೆ. ಅಂಕಿಗಳು 0ರಿಂದ 7ರವರೆಗೆ ಮಾತ್ರ. ಹಾಗಾಗಿ ಒಟ್ಟು 4,096 ಕೋಡ್‌ಗಳು. ಆ ಆಕಾಶವನ್ನು ನೋಡಿಕೊಳ್ಳುವವರು ವರ್ಜೀನಿಯಾದಲ್ಲಿ ಕೂತಿರುವ ಪೊಟೊಮ್ಯಾಕ್ ನಿಯಂತ್ರಣ ಕೇಂದ್ರದವರು.

ಹೊರಗಿನಿಂದ ಬರುವಾಗ ವೃತ್ತದ ಗೆರೆ ಇನ್ನೂ ದೂರವಿರುವಾಗಲೇ ಅವರನ್ನು ರೇಡಿಯೊದಲ್ಲಿ ಕರೆಯಿರಿ. ವಿಮಾನದ ನಂಬರು, ಎಲ್ಲಿದ್ದೀರಿ, ಎಷ್ಟು ಎತ್ತರ, ಸಿಫ್ರಾ ಪ್ಲಾನ್ ಇದೆ ಎಂಬುದು, ಇಷ್ಟೇ ಸಾಕು. ಅವರು ನಿಮಗೆಂದೇ ಒಂದು ಕೋಡ್ ಕೊಡುತ್ತಾರೆ. ಅದನ್ನು ಹಾಕಿ, ಮಾತು ಕೂಡಿದ ಮೇಲೆಯೇ ಗೆರೆ ದಾಟಬೇಕು. ‘ಸ್ಟ್ಯಾಂಡ್‌ಬೈ’ ಎಂದರೆ ಹೊರಗೇ ಸುತ್ತುತ್ತಿರಿ. ಒಳಗಿನ ಸಣ್ಣ ನಿಲ್ದಾಣದಿಂದ ಹೊರಡುವುದಾದರೆ, ಅಲ್ಲಿ ಟವರ್ ಇಲ್ಲದಿದ್ದರೆ, ನೆಲದ ಮೇಲಿರುವಾಗಲೇ ಫೋನು ಮಾಡಿ ಕೋಡ್ ಪಡೆಯಿರಿ.

ನನ್ನ ಮೊದಲ ಸಲ ಏನಾಯಿತೆಂದರೆ, ಶಾಲೆಯ ಒಂದು ವಿಮಾನ ಬೆಳಿಗ್ಗೆ ಕೈಕೊಟ್ಟು ಪಕ್ಕದ್ದನ್ನು ತೆಗೆದುಕೊಂಡೆವು. ಪ್ಲಾನ್‌ನಲ್ಲಿ ಹಳೆಯ ವಿಮಾನದ ನಂಬರೇ ಉಳಿಯಿತು. ಗೆರೆಯ ಹತ್ತಿರ ಹೋಗಿ ಕರೆದರೆ “ನಿಮ್ಮ ಹೆಸರಿನಲ್ಲಿ ಪ್ಲಾನ್ ಇಲ್ಲ, ಹೊರಗೇ ಇರಿ” ಎಂಬ ಉತ್ತರ. ಅವರ ತಪ್ಪೇನೂ ಇರಲಿಲ್ಲ. ಗಾಳಿಯಲ್ಲೇ ಹೊಸ ಪ್ಲಾನ್ ಸಲ್ಲಿಸಿ ಇಪ್ಪತ್ತು ನಿಮಿಷ ಗಿರಕಿ ಹೊಡೆದೆವು. ಬಾಡಿಗೆ ಮೀಟರು ಮಾತ್ರ ನಿಲ್ಲಲಿಲ್ಲ.

ಒಳಗೆ ಹೋದ ಮೇಲೆ ಎರಡು ಮಾತು. ಒಂದು, ಎದುರಿಗೆ ಕ್ಲಾಸ್ ಬಿ ಗೆರೆ ಬಂದರೆ ಅನುಮತಿಯ ಮಾತು ಕಿವಿಗೆ ಬೀಳುವ ತನಕ ಕೆಳಗೋ ಪಕ್ಕಕ್ಕೋ ಉಳಿಯಿರಿ. ‘ರೇಡಾರಿನಲ್ಲಿ ಕಾಣುತ್ತಿದ್ದೀರಿ’ ಎಂದದ್ದು ಅನುಮತಿಯಲ್ಲ. ಇನ್ನೊಂದು, 1200ರ ಮಾತು. ಅಮೆರಿಕದಲ್ಲಿ ಯಾರೊಂದಿಗೂ ಮಾತಾಡದೆ ಕಣ್ಣಳತೆಯಲ್ಲಿ ಹಾರುವವರೆಲ್ಲ ಹಾಕುವ ಸಾಮಾನ್ಯ ಕೋಡ್ ಅದು. ಸಿಫ್ರಾದೊಳಗೆ ಅದನ್ನು ಎಂದೂ ಹಾಕುವಂತಿಲ್ಲ. ಹೊರಬೀಳುವಾಗ ನಿಯಂತ್ರಕರು ‘ಇನ್ನು 1200 ಹಾಕಿಕೊಳ್ಳಿ’ ಎಂದು ಬಿಟ್ಟುಕೊಡುತ್ತಾರೆ. ಆಗ ನಕ್ಷೆ ನೋಡಿ. ಗೆರೆಯೊಳಗೇ ಇದ್ದೀರಿ ಎಂದು ಅನಿಸಿದರೆ “ನಾನಿನ್ನೂ ಒಳಗಿದ್ದೇನೆ, ಕೋಡ್ ಇಟ್ಟುಕೊಳ್ಳಲೇ?” ಎಂದು ಕೇಳಿ. ದೊಡ್ಡವರು ಹೇಳಿದರೆಂದು ತಲೆಯಾಡಿಸಿ ಅಭ್ಯಾಸವಾದ ನಮ್ಮ ಮಕ್ಕಳಿಗೆ ಈ ಒಂದು ಪ್ರಶ್ನೆ ಬಹಳ ಕಷ್ಟ. ಕೇಳಲೇಬೇಕು. ತಪ್ಪಾದರೆ ಹೊಣೆ ವಿಮಾನ ಹಾರಿಸುವವರದ್ದೇ.

ವೇಗದ ಮಿತಿಯೂ ಇದೆ: 30 ಮೈಲಿಯೊಳಗೆ 180 ನಾಟ್ (ಗಂಟೆಗೆ 180 ನಾಟಿಕಲ್ ಮೈಲಿ), 30ರಿಂದ 60ರ ನಡುವೆ 230. ಕಲಿಯುವವರ ಸೆಸ್ನಾ 172 ಅಷ್ಟು ಓಡುವುದೇ ಇಲ್ಲ, ಬಿಡಿ.

ಒಳವೃತ್ತ: ಸದ್ಯಕ್ಕೆ ದೂರದ ನಮಸ್ಕಾರ

ಫ್ರಿಜ್‌ನೊಳಗೆ ಕಾಲೇಜ್ ಪಾರ್ಕ್, ಪೊಟೊಮ್ಯಾಕ್ ಏರ್‌ಫೀಲ್ಡ್‌ನಂಥ ಸಣ್ಣ ನಿಲ್ದಾಣಗಳಿವೆ. ಅಲ್ಲಿಗೆ ಹಾರಲು ಬೆರಳಚ್ಚು, ಹಿನ್ನೆಲೆಯ ತನಿಖೆ ಮುಗಿದು ಸ್ವಂತ ಪಿನ್ ಸಂಖ್ಯೆ ಸಿಗಬೇಕು; ಪ್ಲಾನ್ ಸಲ್ಲಿಸುವಾಗ ಅದನ್ನು ಹೇಳಬೇಕು. 1909ರಲ್ಲಿ ವಿಲ್ಬರ್ ರೈಟ್ ಸೇನೆಯ ಅಧಿಕಾರಿಗಳಿಗೆ ಹಾರಾಟ ಕಲಿಸಲು ಬಂದ ಜಾಗ ಕಾಲೇಜ್ ಪಾರ್ಕ್. ಪೈಲಟ್ ಆದವರಿಗೆ ಅಲ್ಲಿ ಒಮ್ಮೆ ಚಕ್ರ ಊರುವ ಆಸೆ ಇದ್ದೇ ಇರುತ್ತದೆ. ನನಗೆ ಆ ಪಿನ್ ಕೈಗೂಡಲಿಲ್ಲ. ಶ್ವೇತಭವನ, ಸಂಸತ್ ಭವನದ ಮೇಲಿನ ತುಂಡು ಆಕಾಶವಂತೂ ಪೂರ್ಣ ನಿಷೇಧಿತ. ನಮ್ಮ ದೆಹಲಿಯಲ್ಲಿ ರಾಷ್ಟ್ರಪತಿ ಭವನದ ಸುತ್ತಲೂ ಹೀಗೆಯೇ.

ಏನಾದರೂ ಎಡವಟ್ಟಾದರೆ

ಕೆಳಗಿನಿಂದ ಕೆಂಪು, ಕೆಂಪು, ಹಸಿರು ಎಂದು ಬೆಳಕು ನಿಮ್ಮತ್ತಲೇ ಮಿನುಗಿದರೆ ಅದು ದೀಪಾವಳಿಯಲ್ಲ. 2005ರಿಂದ ಬಳಕೆಯಲ್ಲಿರುವ ಲೇಸರ್ ಎಚ್ಚರಿಕೆ ಅದು. ನಿಯಂತ್ರಕರ ಜತೆ ಮಾತಿನಲ್ಲಿದ್ದರೆ ಕೂಡಲೇ ತಿಳಿಸಿ. ಇಲ್ಲವಾದರೆ ವೃತ್ತದ ನಡುವಿನಿಂದ ಮುಖ ತಿರುಗಿಸಿ ಹೊರಗೆ ನಡೆಯಿರಿ, 121.5 ಎಂಬ ತುರ್ತು ಅಲೆಯಲ್ಲಿ ಕರೆಯಿರಿ. ಆ ಅಲೆಯನ್ನು ಎರಡನೇ ರೇಡಿಯೊದಲ್ಲಿ ಸದಾ ಹಾಕಿಟ್ಟಿರುವುದು ಒಳ್ಳೆಯದು. ರೇಡಿಯೊ ಕೆಟ್ಟರೆ ಟ್ರಾನ್ಸ್‌ಪಾಂಡರಿಗೆ 7600 ಹಾಕಿ, ಹತ್ತಿರದ ದಾರಿಯಿಂದ ವೃತ್ತದ ಹೊರಗೆ.

ಆಮೇಲೂ ಕೇಳಿಸಿಕೊಳ್ಳದಿದ್ದರೆ ನಿಮ್ಮನ್ನು ತಡೆಯಲು ಸೇನೆಯ ವಿಮಾನ ಬರುತ್ತದೆ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ ದಾಟುವಾಗಲೆಲ್ಲ ನನಗೆ ವೇಗದ ಲೆಕ್ಕ ನೆನಪಾಗುತ್ತದೆ. 1965ರ ಸೆಪ್ಟೆಂಬರ್ 7ರಂದು ಅವರು ತಮ್ಮ ಯುದ್ಧವಿಮಾನ ಮಿಸ್ಟೇರ್‌ನಿಂದ ಅದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರನ್ನು ಎದುರಿಸಿದರು. ವಾಷಿಂಗ್ಟನ್ನಿನ ತೊಂದರೆ ತಿರುಗುಮುರುಗು: ಎಫ್-16 ಯುದ್ಧವಿಮಾನ ಸೆಸ್ನಾದಷ್ಟು ನಿಧಾನ ಹಾರಲಾರದು, ಸುತ್ತು ಹಾಕುತ್ತಲೇ ಇರಬೇಕು. ಅದಕ್ಕೇ ನಿಧಾನದ ವಿಮಾನಗಳ ಬಳಿಗೆ ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರ್ ಕಳಿಸುವ ವ್ಯವಸ್ಥೆ ಮಾಡಿಕೊಂಡರು. ಪಕ್ಕಕ್ಕೆ ಬಂದವರು ರೆಕ್ಕೆ ಅಲ್ಲಾಡಿಸಿದರೆ ನೀವೂ ಅಲ್ಲಾಡಿಸಿ, ಹಿಂಬಾಲಿಸಿ, 121.5ರಲ್ಲಿ ಮಾತಾಡಿ, ಬೇರೆ ಏನೂ ಹೇಳದಿದ್ದರೆ ತುರ್ತಿನ ಕೋಡ್ 7700 ಹಾಕಿ. ಕೈ ತಪ್ಪಿ 7500 ಹಾಕಬೇಡಿ. ಅದು ಅಪಹರಣದ ಕೋಡ್.

ಇದು ಹೆದರಿಸಲು ಹೇಳಿದ ಕಥೆಯಲ್ಲ. 2005ರ ಮೇ 11ರಂದು ಪೆನ್ಸಿಲ್ವೇನಿಯಾದಿಂದ ಹೊರಟ ಒಬ್ಬ ಪೈಲಟ್ ಮತ್ತು ಒಬ್ಬ ಶಿಷ್ಯ ಸೆಸ್ನಾ 150ರಲ್ಲಿ ದಾರಿ ತಪ್ಪಿ ಶ್ವೇತಭವನದಿಂದ ಮೂರು ಮೈಲಿಯಷ್ಟು ಹತ್ತಿರಕ್ಕೆ ಹೋದರು. ಸಂಸತ್ ಭವನ ಖಾಲಿ ಮಾಡಿಸಿದರು, ಯುದ್ಧವಿಮಾನಗಳು ಬೆಳಕಿನ ಉಂಡೆ ಉದುರಿಸಿದವು. ಇಬ್ಬರಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ.

ಗೊತ್ತಿಲ್ಲದೆ ಗೆರೆ ದಾಟಿದವರ ಲೈಸೆನ್ಸ್ ಕೆಲಕಾಲ ಅಮಾನತಾಗಬಹುದು. ಗೊತ್ತಿದ್ದೂ ದಾಟಿದರೆ ಒಂದು ವರ್ಷದ ತನಕ ಜೈಲಿಗೆ ಅವಕಾಶವಿದೆ. ಅರಿಯದೆ ತಪ್ಪಾಗಿದ್ದರೆ ನಾಸಾ ನಡೆಸುವ ವಿಮಾನ ಸುರಕ್ಷತಾ ವರದಿ ವ್ಯವಸ್ಥೆಗೆ ಹತ್ತು ದಿನದೊಳಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದು ಕಳಿಸಿ. ಶಿಕ್ಷೆಯಿಂದ ರಿಯಾಯಿತಿ ಸಿಗುವ ದಾರಿಯದು. ಹನ್ನೊಂದನೇ ದಿನ ಬರೆದರೆ ಆ ದಾರಿ ಮುಚ್ಚಿರುತ್ತದೆ.

ಸೊಸೆ ಎಲ್ಲ ಬರೆದುಕೊಂಡು, ಮೂರು ಚೀಟಿಗೂ ಮೂರು ಗುರುತು ಹಾಕಿ ಹೊರಟಳು. ರಾತ್ರಿ ಹನ್ನೊಂದರ ಹತ್ತಿರ ಮತ್ತೆ ಫೋನು.

“ಮಾವ, ಇಳಿದೆ! ಕೋಡ್ ಸಿಕ್ತು, ಕ್ಲಾಸ್ ಬಿ ಕೆಳಗೇ ಬಂದೆ, 1200 ಹಾಕಲೇ ಇಲ್ಲ.”

“ಸಿಫ್ರಾ ಪ್ಲಾನ್ ಇಳಿದ ಕೂಡಲೇ ತಾನಾಗಿ ಮುಗಿಯುತ್ತೆ. ವಿ.ಎಫ್.ಆರ್. ಪ್ಲಾನ್ ನೀನೇ ಮುಚ್ಚಬೇಕು. ಹೇಳಿದ ಹೊತ್ತು ಕಳೆದು ಅರ್ಧ ಗಂಟೆಯಾದರೆ ಹುಡುಕೋಕೆ ಶುರು ಮಾಡ್ತಾರೆ. ಮುಚ್ಚಿದೆಯಾ?”

ಆ ಕಡೆ ಸದ್ದಿಲ್ಲ. ಆಮೇಲೆ “ಅಯ್ಯೋ” ಎಂದದ್ದು ಕೇಳಿಸಿತು, ಫೋನು ಕಟ್ಟಾಯಿತು.