ಸಮುದ್ರ ನೋಡದ ಮಕ್ಕಳಿಗೆ ಸಮುದ್ರದ ಪುಸ್ತಕ ಆರಿಸುವಾಗ

ನಮ್ಮೂರು ಕಲಬುರಗಿ ಜಿಲ್ಲೆಯ ಶಹಾಬಾದ್. ಸಮುದ್ರ ಇಲ್ಲಿಂದ ಬಹಳ ದೂರ. ಆದರೂ ನನ್ನ ನಾಲ್ಕು ವರ್ಷದ ಮೊಮ್ಮಗಳಿಗೆ, ಸಂಜೆ ಅವಳ ಜೊತೆ ಬಂದು ಕೂರುವ ಓಣಿಯ ಮಕ್ಕಳಿಗೆ ಸಮುದ್ರದ ದಂಡೆಯ ಪುಸ್ತಕ ಅಂದರೆ ಪ್ರಾಣ. ಇಂಥ ಮಕ್ಕಳಿಗೆ ಪುಸ್ತಕ ತರುವಾಗ ಎಚ್ಚರ ಜಾಸ್ತಿ ಬೇಕು. ಪುಟದಲ್ಲಿ ಏನು ಕಂಡಿತೋ ಅದೇ ಅವರಿಗೆ ಸಮುದ್ರ.

ಮೊದಲು ಅಂಗಡಿಯಲ್ಲೇ ನಿಂತು ಎರಡು ಪುಟ ಬಾಯಿಬಿಟ್ಟು ಓದಿ. ನಾಲಿಗೆ ತೊಡರಿದರೆ ಆ ಪುಸ್ತಕ ಬೇಡ. ಪುಟಕ್ಕೆ ಒಂದೆರಡು ಸಾಲು ಸಾಕು. ಅಲೆಯ ಸದ್ದೋ ಒಂದು ಮಾತೋ ಮತ್ತೆ ಮತ್ತೆ ಬರುತ್ತಿದ್ದರೆ ಇನ್ನೂ ಒಳ್ಳೆಯದು, ಮೂರನೇ ಸಲಕ್ಕೆ ಮಕ್ಕಳೇ ಕೂಗುತ್ತವೆ. ಎರಡು ವರ್ಷದೊಳಗಿನ ಮಗುವಾದರೆ ದಪ್ಪ ರಟ್ಟಿನ ಪುಟ, ಪುಟಕ್ಕೊಂದೇ ಚಿತ್ರ.

ಪುಸ್ತಕದಲ್ಲಿ ಮರಳು ಅಂತ ಇರುತ್ತದೆ, ನಮ್ಮ ಮಕ್ಕಳಿಗೆ ಗೊತ್ತಿರುವುದು ಉಸುಕು. ಮೊದಲ ಸಲ ನಾನು ಉಸುಕು ಅಂತಲೇ ಓದುತ್ತೇನೆ, ತೀರ ಅಂತಿದ್ದರೆ ದಂಡೆ ಅನ್ನುತ್ತೇನೆ. ಪುಸ್ತಕದ ಮಾತು ಎರಡನೇ ಸಲಕ್ಕೆ ತಾನಾಗಿ ಸೇರಿಕೊಳ್ಳುತ್ತದೆ.

ಚಿತ್ರವನ್ನು ಮಾತ್ರ ಸಾವಕಾಶವಾಗಿ ನೋಡಿ. ಒಮ್ಮೆ ಬಣ್ಣಕ್ಕೆ ಮರುಳಾಗಿ ಒಂದು ಪುಸ್ತಕ ತಂದಿದ್ದೆ. ಅದರಲ್ಲಿ ಕಡಲಾಮೆಗೆ ಕೆರೆ ಆಮೆಯ ಕಾಲು ಬರೆದಿದ್ದರು! ಕಡಲಾಮೆಯ ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ಈಜಲಿಕ್ಕೆ ಅಂತಲೇ. ಮೊಮ್ಮಗಳು ಆ ತಪ್ಪನ್ನೇ ತಿಂಗಳುಗಟ್ಟಲೆ ಬರೆದಳು. ತಿದ್ದುವಾಗ ನನಗೆ ಸಂಕಟವಾಯಿತು. ಡಾಲ್ಫಿನ್ ಮೀನಲ್ಲ, ಉಸಿರಾಡಲು ನೀರಿನ ಮೇಲೆ ಬರುತ್ತದೆ. ಅದನ್ನು ಮೀನು ಅಂದಿದ್ದರೂ ನಾನು ತರುವುದಿಲ್ಲ.

ಇನ್ನೊಂದು ನೋಡುತ್ತೇನೆ: ದಂಡೆಯ ಮೇಲೆ ಯಾರಿದ್ದಾರೆ? ಬರೀ ಕೊಡೆ, ಕುರ್ಚಿ, ಬಕೆಟ್ ಇದ್ದರೆ ಮಕ್ಕಳು ಅದನ್ನು ಆಟದ ಜಾಗ ಅಂದುಕೊಳ್ಳುತ್ತಾರೆ. ಕಾರವಾರದಿಂದ ಮಂಗಳೂರಿನವರೆಗೆ ಅದು ದುಡಿಯುವವರ ಜಾಗವೂ ಹೌದು. ದೋಣಿ, ರಂಪಣಿ ಬಲೆ ಎಳೆಯುವ ಗಂಡಸರು, ಮೀನು ಒಣಹಾಕುವ ಹೆಂಗಸರು ಚಿತ್ರದಲ್ಲಿ ಇರಲಿ. ನಮ್ಮ ಮಕ್ಕಳು ಹೊಲದಲ್ಲಿ, ಖಣಿಯಲ್ಲಿ ದುಡಿಮೆ ನೋಡಿ ಬೆಳೆದವರು. ಅಂಥ ಪುಟದ ಮುಂದೆ ಅವರು ಬಹಳ ಹೊತ್ತು ಕೂರುತ್ತಾರೆ.

ಓದುವಾಗ ಕೈಗೆ ಏನಾದರೂ ಕೊಡಿ. ನಾನು ಚೌಕಾಬಾರದ ಕವಡೆ ಕೊಡುತ್ತೇನೆ. ಅದು ಸಮುದ್ರದ ಬಸವನಹುಳುವಿನ ಚಿಪ್ಪು ಅಂದಾಗ ಅವರ ಕಣ್ಣು ನೋಡಬೇಕು. ಚಿಕ್ಕ ಕೂಸುಗಳು ಬಾಯಿಗೆ ಹಾಕಿಕೊಳ್ಳುತ್ತವೆ, ಅವುಗಳಿಗೆ ಕೊಡಬೇಡಿ. ದಾರಿಯನ್ನೂ ಹೇಳುತ್ತೇನೆ: ನಮ್ಮ ಕಾಗಿಣಾ ಹೊಳೆಯ ನೀರು ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಆಂಧ್ರದ ಹಂಸಲದೀವಿ ಹತ್ತಿರ ಸಮುದ್ರಕ್ಕೆ. ಆಮೇಲೆ ಅವರು ಕೂತಿರುವ ಫರ್ಸಿ ಕಲ್ಲಿನ ನೆಲ ಮುಟ್ಟಿಸುತ್ತೇನೆ. ಈ ಸುಣ್ಣದ ಕಲ್ಲು 50 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದ ಕೆಸರಾಗಿತ್ತು.

"ಮುತ್ಯಾ, ಹಂಗಾದ್ರ ನಾವು ಸಮುದ್ರದಾಗ ಕುಂತೀವೇನು?" ಅಂದಳು ಮೊಮ್ಮಗಳು.

"ಹೌದವ್ವ, ಖರೇನೆ," ಅಂದೆ.

ದುಡ್ಡು ಹಾಕುವ ಮೊದಲು ಫೋನಿನಲ್ಲಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಿ. 2015ರಲ್ಲಿ ಶುರುವಾದದ್ದು. ಕನ್ನಡದ ಚಿತ್ರಪುಸ್ತಕಗಳನ್ನು ಪೂರ್ತಿ ಪುಕ್ಕಟೆ ಓದಬಹುದು. ಆದರೆ ಫೋನನ್ನು ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ, ಆರಿಸುವುದಕ್ಕೆ ನೀವು ಬಳಸಿ. ಮಗು ಯಾವ ಕಥೆಯನ್ನು ಮೂರನೇ ಸಲ ಕೇಳಿತೋ ಅದು ಅಚ್ಚಿನಲ್ಲಿ ಸಿಕ್ಕರೆ ತಂದುಕೊಡಿ. ಪುಟ ಹರಿದರೆ ಟೇಪ್ ಹಚ್ಚಿ, ಮರುದಿನ ಸಂಜೆ ಅದನ್ನೇ ಓದಿ.